ಕರೆಂಟಿಲ್ಲದ ದಿನಗಳ ಚರಿತ್ರೆ

ನನಗೊಂದು ಕೆಟ್ಟ ಚಾಳಿಯಿದೆ. ಏನಾದರೂ ತಪ್ಪಾಗಿ, ಯಾರಾದರೂ ಯಾಕೆ ಎಂದು ಕೇಳಿದರೆ, ತಲೆ ಯೋಚಿಸುವ ಮೊದಲೇ ಬಾಯಿ "ಕರೆಂಟಿರಲಿಲ್ಲ" ಎಂದುಬಿಡುತ್ತದೆ. ಮದುವೆಮನೆಗೆ ಊಟದ ಹೊತ್ತು ಮೀರಿ ಹೋದರೆ ಕರೆಂಟಿರಲಿಲ್ಲ. ಅಂಗಡಿಯಿಂದ ಕರಿಬೇವು ತರುವುದು ಮರೆತರೆ ಕರೆಂಟಿರಲಿಲ್ಲ. ಒಮ್ಮೆ ಹಲ್ಲು ಕೀಳಿಸಿಕೊಳ್ಳಬೇಕಾದ ದಿನ ಹೆದರಿ ಮನೆಯಲ್ಲೇ ಉಳಿದು, ಮರುದಿನ ಡಾಕ್ಟರ ಮುಂದೆಯೂ ಇದನ್ನೇ ಹೇಳಿದೆ. "ಯಾವುದಕ್ಕೆ, ಹಲ್ಲಿಗಾ?" ಎಂದು ಅವರು ಕೇಳಿದರು. ನನ್ನ ಹೆಂಡತಿ ಗೌರಿಗೆ ಇದು ಕೇಳಿ ಕೇಳಿ ಸಾಕಾಗಿದೆ. "ಬ್ರಹ್ಮ ನಿಮ್ಮನ್ನ ಮಾಡ್ತಿದ್ದಾಗ್ಲೂ ಕರೆಂಟಿರಲಿಲ್ಲ ಅನ್ಸುತ್ತೆ, ಕತ್ಲಲ್ಲಿ ಕೈಗೆ ಸಿಕ್ಕಿದ್ದು ತುಂಬ್ಬಿಟ್ಟವ್ನೆ" ಎನ್ನುತ್ತಾಳೆ.

ಈ ಚಾಳಿ ಹುಟ್ಟಿನಿಂದ ಬಂದದ್ದಲ್ಲ, ಪೀಣ್ಯದಿಂದ ಬಂದದ್ದು. ತೊಂಬತ್ತರ ದಶಕದಲ್ಲಿ ನಾನು ಅಲ್ಲಿನ ಒಂದು ಕಾರ್ಖಾನೆ ಶೆಡ್ಡಿನಲ್ಲಿ ಕಬ್ಬಿಣ ಕಡೆಯುವ ಲೇತ್ ಮಿಷಿನ್ನು ಓಡಿಸುತ್ತಿದ್ದೆ. ನಮ್ಮದು ನಾಗಸಂದ್ರದ ಹಳೆಯ ಮನೆತನ. ಮನೆತನ ಎಂದ ಕೂಡಲೇ ಕಂಬದ ತೊಟ್ಟಿಮನೆ ನೆನೆಯಬೇಡಿ. ಎರಡು ಎಮ್ಮೆ, ಒಂದು ಬಣವೆ, ಒಂದಿಷ್ಟು ರಾಗಿ ಹೊಲ, ಅಷ್ಟೆ. ಹೊಲವನ್ನು ಸರ್ಕಾರ ಕಾರ್ಖಾನೆಗಳಿಗೆಂದು ತೆಗೆದುಕೊಂಡಿತು. ನಾನು ನಿಲ್ಲುತ್ತಿದ್ದ ಲೇತು, ನಮ್ಮ ತಾತ ಕೂತು ಬೀಡಿ ಸೇದುತ್ತಿದ್ದ ಬದುವಿನ ಮೇಲೆಯೇ ಇದೆ ಎಂದು ಅವ್ವ ಹೇಳುತ್ತಿದ್ದಳು. ತಾತ ಕೂತಿರುತ್ತಿದ್ದ ಜಾಗದಲ್ಲಿ ಮೊಮ್ಮಗ ಎಂಟು ಗಂಟೆ ನಿಂತಿರುವಂತಾದರೆ ಅದಕ್ಕೆ ಅಭಿವೃದ್ಧಿ ಎನ್ನುತ್ತಾರೆಂದು ನನಗೆ ಆಮೇಲೆ ತಿಳಿಯಿತು.

ನಾನು ಓದಿದ್ದು ಏಳನೇ ಕ್ಲಾಸು. ಅಪ್ಪ ತೀರಿಕೊಂಡ ವರ್ಷ ಶಾಲೆಗೆ ಕೈಮುಗಿದೆ. ಶಾಲೆಯೇನೂ ನನಗಾಗಿ ಅಳಲಿಲ್ಲ. ಮುಂದಿನ ಬರವಣಿಗೆಯೆಲ್ಲ ಕಲಿತದ್ದು ಜಾಬ್ ಕಾರ್ಡಿನಲ್ಲಿ. ಪೀಣ್ಯದಲ್ಲಿ ದುಡಿಯದವರಿಗೆ ಅದು ಗೊತ್ತಿರಲಾರದು, ಆದ್ದರಿಂದ ಹೇಳಿಬಿಡುತ್ತೇನೆ. ಶಿಫ್ಟು ಮುಗಿದ ಮೇಲೆ ಪ್ರತಿಯೊಬ್ಬ ಕೆಲಸಗಾರನೂ ತನ್ನ ಕಾರ್ಡನ್ನು ತಾನೇ ತುಂಬಬೇಕು. ಎಷ್ಟು ಪೀಸು ಮಾಡಿದೆ, ಎಷ್ಟು ಕೆಟ್ಟವು, ಮಿಷಿನ್ನು ಎಷ್ಟು ಹೊತ್ತು ನಿಂತಿತ್ತು, ಯಾಕೆ ನಿಂತಿತ್ತು. ಈ ಕೊನೆಯ ಪ್ರಶ್ನೆಗೆ ಸ್ವಂತ ಮಾತಿನಲ್ಲಿ ಉತ್ತರ ಬರೆಯುವಂತಿಲ್ಲ. ಕಾರಣಗಳನ್ನು ಅಲ್ಲೇ ಅಚ್ಚು ಹಾಕಿರುತ್ತಾರೆ, ನಾವು ನಂಬರು ಬರೆಯಬೇಕು. ಒಂದು, ಕರೆಂಟು ಇಲ್ಲ. ಎರಡು, ಮೆಟೀರಿಯಲ್ ಬಂದಿಲ್ಲ. ಮೂರು, ಟೂಲು ಮುರಿದಿದೆ. ಹೀಗೆ ಎಂಟರವರೆಗೆ. ಅಲ್ಲಿಗೆ ಜಗತ್ತಿನ ಕಾರಣಗಳೆಲ್ಲ ಮುಗಿದವು.

ದೇಶದಲ್ಲಿ ಏನೇ ಆಗಲಿ, ನಮ್ಮ ಕಾರ್ಡಿನಲ್ಲಿ ಅದು ಈ ಎಂಟರಲ್ಲಿ ಒಂದಾಗಿಯೇ ಬರಬೇಕಿತ್ತು. ಬಂದ್ ಆಗಿ ಊರೇ ಬಾಗಿಲು ಹಾಕಿಕೊಂಡ ದಿನ ನಾವು ಎರಡನೇ ನಂಬರು ಹಾಕಿದೆವು. ದೊಡ್ಡ ನಾಯಕರೊಬ್ಬರನ್ನು ಕೊಂದ ಸುದ್ದಿ ಬಂದು ಶೆಡ್ಡು ಮುಚ್ಚಿದ ದಿನ ಏನು ಬರೆಯುವುದೆಂದು ಸೂಪರ್‌ವೈಸರನ್ನು ಕೇಳಿದರೆ, ಅವರು ಕಣ್ಣೊರೆಸಿಕೊಳ್ಳುತ್ತಲೇ "ಒಂದು ಹಾಕ್ರಪ್ಪ" ಎಂದರು. ದೇಶಕ್ಕೆ ಸಿಡಿಲು ಬಡಿದರೂ ಪೀಣ್ಯದ ಲೆಕ್ಕದಲ್ಲಿ ಕರೆಂಟಿರಲಿಲ್ಲ.

ಆ ಕಾಲದಲ್ಲಿ ಕರೆಂಟು ನಿಜವಾಗಿಯೂ ಇರುತ್ತಿರಲಿಲ್ಲ, ಅದನ್ನೂ ಹೇಳಬೇಕು. ಅದು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದು ಕರೆಂಟಿಗೇ ಗೊತ್ತಿರುತ್ತಿರಲಿಲ್ಲ. ಹೀಗಾಗಿ ಸರ್ಕಾರ ತೆಗೆಯುವ ಕರೆಂಟಿನ ಜೊತೆಗೆ ನಾನೂ ಆಗಾಗ ಒಂದಿಷ್ಟು ತೆಗೆಯುತ್ತಿದ್ದೆ. ಮೋಟರಿನ ಸ್ವಿಚ್ಚು ಆರಿಸಿ, ಮಿಷಿನ್ನಿನ ಹಿಂದೆ ಗೋಣಿಚೀಲ ಹಾಸಿಕೊಂಡು ಮಲಗಿ, ಎದ್ದ ಮೇಲೆ ಕಾರ್ಡಿನಲ್ಲಿ ಒಂದನೇ ನಂಬರು ಹಾಕಿ ಸಹಿ ಮಾಡಿಬಿಡುತ್ತಿದ್ದೆ. ಸೂಪರ್‌ವೈಸರು ಒಳ್ಳೆಯ ಮನುಷ್ಯ. ಅವರೂ ತಮ್ಮ ರೂಮಿನಲ್ಲಿ ಹೆಚ್ಚು ಕಡಿಮೆ ಅದನ್ನೇ ಮಾಡುತ್ತಿದ್ದರು.

ಕಾರ್ಡಿಗೆ ಕಾರ್ಬನ್ ಪ್ರತಿ ಇರುತ್ತಿತ್ತು. ಮೇಲಿನದು ಹಾಜರಿ, ಕೆಲಸದ ಲೆಕ್ಕ ಇಡುವ ಟೈಂ ಆಫೀಸಿಗೆ, ಕೆಳಗಿನದು ನಮಗೆ. ತಿಂಗಳಾದ ಮೇಲೆ ಅದು ಕಸ. ಹಿಂಬದಿ ಮಾತ್ರ ಹಾಲಿನಂತೆ ಖಾಲಿ. ನಾನು ಅವನ್ನು ಕಟ್ಟುಕಟ್ಟಾಗಿ ಮನೆಗೆ ತರುತ್ತಿದ್ದೆ. ಅರ್ಧ ಅವ್ವನ ಒಲೆ ಹೊತ್ತಿಸಲು, ಅರ್ಧ ನನ್ನ ತಂಗಿ ಮಂಜುಳ ನೋಟ್ಸು ಬರೆದುಕೊಳ್ಳಲು. ಅವಳು ಬಿ.ಎ. ಕೊನೆಯ ವರ್ಷ ಓದುತ್ತಿದ್ದಳು, ಅದರಲ್ಲೂ ಇತಿಹಾಸ. ಒಂದೇ ಹಾಳೆಯ ಒಂದು ಬದಿಯಲ್ಲಿ ಯಾವುದೋ ರಾಜ ಕೆರೆ ಕಟ್ಟಿಸುತ್ತಿದ್ದ, ಇನ್ನೊಂದು ಬದಿಯಲ್ಲಿ ನಾನು ಕಬ್ಬಿಣದ ಬಳೆಯಂಥ ಬುಷ್ ತಿರುಗಿಸುತ್ತಿದ್ದೆ. ಇಬ್ಬರೂ ಬಹಳ ಕಾಲ ಒಬ್ಬರ ಮುಖ ಒಬ್ಬರು ನೋಡದೆ ಬಾಳಿದೆವು.

ಸ್ವಾತಂತ್ರ್ಯಕ್ಕೆ ಐವತ್ತು ತುಂಬಿದ ವರ್ಷ ಎಲ್ಲವೂ ಕೆಟ್ಟಿತು. ಅವಳ ಕಾಲೇಜಿನಲ್ಲಿ 'ಐವತ್ತು ವರ್ಷದ ಭಾರತ' ಎಂದು ಭಾಷಣ ಸ್ಪರ್ಧೆ ಇಟ್ಟರು. ಮಿಕ್ಕ ಹುಡುಗರು ಲೈಬ್ರರಿಗೆ ನುಗ್ಗಿ ಪಂಚವಾರ್ಷಿಕ ಯೋಜನೆಗಳನ್ನು ಹೊರೆಗಟ್ಟಲೆ ಹೊತ್ತು ತಂದರು. ನಮ್ಮ ಮಂಜುಳ ಮಾತ್ರ ಕೈಯಲ್ಲಿ ಜಾಬ್ ಕಾರ್ಡಿನ ಕಟ್ಟು ಹಿಡಿದು ನಮ್ಮ ಬೀದಿಗೆ ಇಳಿದಳು. ದೊಡ್ಡವರು ಏನು ಮಾಡಿದರು ಎಂಬುದು ಎಲ್ಲರಿಗೂ ಗೊತ್ತು, ಅವರು ಅದನ್ನು ಮಾಡುತ್ತಿದ್ದಾಗ ನಾವೇನು ಮಾಡುತ್ತಿದ್ದೆವು ಎಂದು ಬರೆಯುತ್ತೇನೆ ಎಂದಳು. ನಾನು ನಕ್ಕೆ. ನಾವು ಮಾಡಿದ್ದು ಚರಿತ್ರೆಯಾಗುವಂತಿದ್ದರೆ ನಮಗೆ ತಿಳಿಯದೆ ಇರುತ್ತಿತ್ತೇ ಎಂದು ನನ್ನ ವಾದ.

ಎದುರು ಮನೆಯ ಮುನಿಯಮ್ಮಜ್ಜಿಯಿಂದ ಶುರುವಾಯಿತು. ಸ್ವಾತಂತ್ರ್ಯ ಬಂದ ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿದರೆ ಅಜ್ಜಿ, "ಅವತ್ತು ನಮ್ಮೆಮ್ಮೆ ಈದಿತ್ತು ಕಣವ್ವ, ಗಿಣ್ಣು ಕಾಯಿಸ್ತಿದ್ದೆ. ಸ್ವತಂತ್ರ ಬಂದಿದ್ದು ಎಂಟು ದಿನ ಆದ್ಮೇಲೆ ಗೊತ್ತಾಯ್ತು. ಪಟೇಲ್ರು ಲಾಡು ಹಂಚಿದ್ರು. ನನ್ ಪಾಲಿಂದ ಅರ್ಧ ನಮ್ಮೋರಗಿತ್ತಿ ತಿಂದ್ಬುಟ್ಲು" ಎಂದಳು. ಆ ಓರಗಿತ್ತಿಯೊಡನೆ ಅಜ್ಜಿ ಅಂದು ಬಿಟ್ಟ ಮಾತನ್ನು ಐವತ್ತು ವರ್ಷವಾದರೂ ಹಿಡಿದಿರಲಿಲ್ಲ. ದೇಶ ಎರಡಾದ ನೋವಿನಷ್ಟೇ ಅದೂ ಹಳೆಯದು ಎಂದು ಮಂಜುಳ ಬರೆದುಕೊಂಡಳು.

ತುರ್ತು ಪರಿಸ್ಥಿತಿಯ ವಿಷಯ ಅವ್ವನ ಕಡೆಯಿಂದ ಬಂತು. ಆಗ ಗಂಡಸರನ್ನು ಹಿಡಿದು ಮಕ್ಕಳಾಗದ ಆಪರೇಷನ್ ಮಾಡಿಸುತ್ತಾರೆ ಎಂಬ ಭಯ ಊರೆಲ್ಲ ಹಬ್ಬಿತ್ತಂತೆ. ಒಂದು ದಿನ ಜೀಪಿನ ಸದ್ದು ಕೇಳಿದ್ದೇ ತಡ, ಅಪ್ಪ ರಾಗಿ ಹುಲ್ಲಿನ ಬಣವೆಯೊಳಗೆ ನುಗ್ಗಿದವನು ಎರಡು ದಿನ ಹೊರಗೆ ಬರಲಿಲ್ಲ. ಅವ್ವ ಮುದ್ದೆಯನ್ನು ಹುಲ್ಲಿನ ಸಂದಿಯಲ್ಲಿ ತೂರಿಸುತ್ತಿದ್ದಳು. "ಆಮ್ಯಾಕೆ ನೋಡಿದ್ರೆ ಅದು ದನದ ಡಾಕ್ಟ್ರ ಜೀಪು ಕಣೆ. ನಮ್ಮೆಮ್ಮೆ ನೋಡಕ್ ಬಂದಿದ್ರು. ನಿಮ್ಮಪ್ಪ ಅಂಗೇ ತಪ್ಪಿಸ್ಕಂಡ, ಮುಂದಿನ್ ವರ್ಷ ನೀನ್ ಉಟ್ಟಿದೆ" ಎಂದಳು ಅವ್ವ. ಮಂಜುಳ ತನ್ನ ಭಾಷಣವನ್ನು ಅಲ್ಲಿಂದಲೇ ಆರಂಭಿಸಿದಳು. ನಾನು ಒಂದು ಬಣವೆಯ ಕೃಪೆಯಿಂದ ಈ ದೇಶದ ಪ್ರಜೆಯಾದೆ ಎಂದು.

ಬೀದಿ ಕೆದಕಿ ಕೆದಕಿ ಹಾಳೆಗಳು ಮುಗಿದವು. ಇನ್ನಷ್ಟು ಬೇಕು ಎಂದಳು. ನನ್ನ ಕಾರ್ಡುಗಳು ಸಾಲದೆ ಪಕ್ಕದ ಶೆಡ್ಡಿನ ಯೂಸುಫ್ ಭಾಯಿಯನ್ನು ಕೇಳಿದೆ. ಅವರದು ಪ್ಲೇಟಿಂಗ್ ಕೆಲಸ. ಮೊಳೆ, ಬೋಲ್ಟುಗಳಿಗೆ ಹೊಳಪು ಕೊಡುವುದು. "ತಂಗಿ ಓದಕ್ಕಾ? ತಗೊಂಡೋಗು ಗುರು" ಎಂದು ಒಂದು ಕಟ್ಟು ಕೊಟ್ಟರು. ಅದನ್ನು ಸೆಣಬಿನ ದಾರದಲ್ಲಿ ಕಟ್ಟಿಕೊಂಡು, ಸೈಕಲ್ಲಿಗೆ ಸಿಕ್ಕಿಸಿಕೊಂಡು, ಶಿಳ್ಳೆ ಹಾಕುತ್ತ ಮನೆಗೆ ತಂದೆ. ತನ್ನ ಮೇಲಿನ ಸಾಕ್ಷಿಯನ್ನು ಅಷ್ಟು ಖುಷಿಯಿಂದ ಹೊತ್ತು ತಂದ ಕಳ್ಳ ಇನ್ನೊಬ್ಬನಿರಲಾರ.

ಇಷ್ಟು ದಿನ ಹಿಂಬದಿಯಲ್ಲಿ ಬರೆಯುತ್ತಿದ್ದವಳು ಆ ಭಾನುವಾರ ಯಾಕೋ ಹಾಳೆ ಮಗುಚಿ ನೋಡಿದ್ದಾಳೆ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನಡುಮನೆಯ ನೆಲದ ಮೇಲೆ ಎರಡು ಸಾಲು ಕಾರ್ಡುಗಳನ್ನು ಹರಡಿಕೊಂಡಿದ್ದಳು. ಒಂದು ಸಾಲು ನನ್ನದು, ಒಂದು ಯೂಸುಫ್ ಭಾಯಿಯದು, ತಾರೀಕಿಗೆ ತಾರೀಕು ಎದುರಾಗಿ.

"ಅಣ್ಣ, ನಿಮ್ ಶೆಡ್ಡಿಗೆ ಕರೆಂಟು ಯಾವ್ ಕಂಬದಿಂದ ಬರುತ್ತೆ?" ಎಂದಳು.

"ಅದೇ, ಯೂಸುಫ್ ಭಾಯ್ ಬಾಗಿಲಲ್ಲಿರೋದು. ಇಬ್ಬರಿಗೂ ಅದೇ."

"ಹಂಗಾದ್ರೆ ಈ ಮಂಗಳವಾರ ಪಕ್ಕದ ಶೆಡ್ಡಲ್ಲಿ ಇಡೀ ದಿನ ಕರೆಂಟಿತ್ತು, ನಿಮಗೆ ಮಾತ್ರ ಮೂರು ಗಂಟೆ ಇರಲಿಲ್ಲ. ಗೋಡೆ ದಾಟಕ್ಕೆ ಆಗ್ಲಿಲ್ವಾ ಅದಕ್ಕೆ?"

ಇಂಥವು ಹನ್ನೊಂದು ದಿನ ಸಿಕ್ಕಿದ್ದವು. ನಾನು ಟವೆಲ್ಲಿನಲ್ಲಿ ಮುಖ ಒರೆಸಿದೆ, ಮತ್ತೆ ಒರೆಸಿದೆ, ಇನ್ನು ಒರೆಸಲು ಮುಖವೇ ಉಳಿಯದಿದ್ದಾಗ ಒಪ್ಪಿಕೊಂಡೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳ ಕಣ್ಣು ನೋಡಿದರೆ ಹೊನ್ನಿನ ಕೊಪ್ಪರಿಗೆ ಸಿಕ್ಕವಳಂತೆ ಹೊಳೆಯುತ್ತಿತ್ತು. ಇದನ್ನು ಭಾಷಣದಲ್ಲಿ ಹಾಕುತ್ತೇನೆ ಎಂದಳು. ನಾನು ಬೇಡವೇ ಬೇಡ ಎಂದೆ. ಹಾಕುವುದಾದರೆ ಯಾರೋ ಒಬ್ಬ ಎಂದು ಹಾಕು ಎಂದೆ. ಯಾರೋ ಒಬ್ಬ ಎಂದು ಬರೆಯುವುದಾದರೆ ಪುಸ್ತಕದಲ್ಲಿ ಇರುವುದೇ ಸಾಕಿತ್ತಲ್ಲ ಎಂದು ಅವಳ ಹಟ. ಬರೆದು ಮುಗಿಸಿದ ದಿನ ಎಂಟು ಹಾಳೆಗಳನ್ನೂ ನನ್ನ ಮುಂದೆ ಹಿಡಿದು, "ನೀನ್ ಅಂದ್ಕೊಂಡಿರೋ ಥರ ಬರ್ದಿಲ್ಲ ಕಣಣ್ಣ. ಓದಿ ನೋಡು" ಎಂದಳು.

ಆಮೇಲೆ ಓದುತ್ತೇನೆ ಎಂದೆ. ನಿಜ ಹೇಳಿಬಿಡುತ್ತೇನೆ. ಆಗ ನಾನು ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ತುಟಿ ಅಲ್ಲಾಡಿಸಿಕೊಂಡು ಓದುತ್ತಿದ್ದೆ. ಒಂದು ಹಾಳೆಗೆ ಒಂದು ಬೀಡಿಯಷ್ಟು ಹೊತ್ತು ಬೇಕಾಗುತ್ತಿತ್ತು. ನಾನೇ ಓದಿಸಿದ ಹುಡುಗಿಯ ಮುಂದೆ ಹಾಗೆ ಓದಲು ನಾಚಿಕೆ. ಆ ನಾಚಿಕೆಯ ಫಲವನ್ನು ಅವಳು ಉಂಡಳು.

ಭಾಷಣದ ಹಿಂದಿನ ದಿನ ಆಹ್ವಾನ ಪತ್ರಿಕೆ ತಂದಳು. ಕೊನೆಯಲ್ಲಿ ಮುಖ್ಯ ಅತಿಥಿಗಳು ಎಂದು ದಪ್ಪಕ್ಷರದಲ್ಲಿ ಒಂದು ಹೆಸರಿತ್ತು. ಬೆರಳಿಟ್ಟು ಓದಿದೆ. ಇನ್ನೊಮ್ಮೆ ಓದಿದೆ. ನಮ್ಮ ಶೆಡ್ಡಿನ ಓನರ್ರು. ಕಾಲೇಜಿಗೆ ಫ್ಯಾನುಗಳನ್ನು ದಾನ ಮಾಡಿದ್ದಕ್ಕೆ ಅವರಿಗೆ ಐವತ್ತು ವರ್ಷದ ಭಾರತದ ಮೇಲೆ ಕೂರುವ ಅಧಿಕಾರ ಸಿಕ್ಕಿತ್ತು.

ಬೆಳಿಗ್ಗೆ ಅವಳು ಬಚ್ಚಲಲ್ಲಿದ್ದಳು. ಹಾಳೆಗಳು ಗುಂಡುಸೂಜಿ ಚುಚ್ಚಿಕೊಂಡು ಮೇಜಿನ ಮೇಲಿದ್ದವು. ಹುಡುಕುತ್ತ ಹೋದೆ. ಏಳನೇ ಹಾಳೆಯ ತಲೆಯಲ್ಲೇ ಇತ್ತು: "ನಮ್ಮಣ್ಣ ಸಿದ್ದರಾಜು. ಆ ಹನ್ನೊಂದು ದಿನವೂ ಕರೆಂಟು ಇತ್ತು. ಅವನು ಮಲಗಿದ್ದ." ಮುಂದೆ ಓದಲು ಧೈರ್ಯವೂ ಇರಲಿಲ್ಲ, ವೇಗವೂ ಇರಲಿಲ್ಲ. ಬಚ್ಚಲಲ್ಲಿ ಚೊಂಬಿನ ಸದ್ದು ನಿಂತಿತು. ಸೂಜಿ ಕಿತ್ತು, ಏಳನೆಯದನ್ನು ಎಳೆದುಕೊಂಡು, ಸೂಜಿಯನ್ನು ಅದದೇ ತೂತಿನಲ್ಲಿ ಚುಚ್ಚಿ, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಸೇರಿಸಿದೆ. ಲೇತಿನವನ ಕೈ, ಕೆಲಸದಲ್ಲಿ ಗುರುತು ಉಳಿಯಲಿಲ್ಲ. ಎಂಟು ಹಾಳೆಗೆ ಐವತ್ತು ವರ್ಷವಾದರೆ ಒಂದು ಹಾಳೆಗೆ ಆರು, ಅಷ್ಟು ಹೋದರೆ ಯಾರಿಗೆ ಗೊತ್ತಾಗುತ್ತದೆ ಎಂದು ಸಮಾಧಾನ ಹೇಳಿಕೊಂಡೆ. ನಮ್ಮ ಶಾಲೆಯ ಪುಸ್ತಕದಲ್ಲಿ ಒಂದು ಪುಟ ತಿರುಗಿಸಿದರೆ ಇನ್ನೂರು ವರ್ಷ ಹೋಗುತ್ತಿತ್ತು, ಯಾರೂ ಕೇಳಿರಲಿಲ್ಲ.

ಸಭೆಯಲ್ಲಿ ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ. ಅವಳಿಗಿಂತ ಮೊದಲಿನ ನಾಲ್ವರು ದೇಶವನ್ನು ಮೇಲಕ್ಕೆತ್ತಿ ಎತ್ತಿ ಜನರಿಗೆ ಸುಸ್ತಾಗಿತ್ತು. ಮಂಜುಳ ಬಣವೆಯಿಂದ ಶುರು ಮಾಡಿದ ಕೂಡಲೇ ಹಿಂದಿನ ಸಾಲಿನವರೂ ನೆಟ್ಟಗಾದರು. ಅರ್ಧ ಲಾಡುವಿಗೆ ನಕ್ಕರು. ಎಮ್ಮೆ ಡಾಕ್ಟರಿಗೆ ಚಪ್ಪಾಳೆ ತಟ್ಟಿದರು. ಇತಿಹಾಸದ ಮೇಡಂ ಮುಖ ಅರಳಿಸಿಕೊಂಡು ಕೂತಿದ್ದರು. ಬಿ.ಎ. ಮುಗಿಸಿದರೆ ಮೈಸೂರಿನಲ್ಲಿ ಎಂ.ಎ.ಗೆ ಕಳಿಸೋಣ, ಊಟ ವಸತಿ ಕೊಡುವ ಒಂದು ಹಾಸ್ಟೆಲಿದೆ, ಪ್ರಿನ್ಸಿಪಾಲರ ಪತ್ರವೊಂದಿದ್ದರೆ ಸಾಕು ಎಂದು ಅವರು ಮನೆಗೇ ಬಂದು ಹೇಳಿದ್ದರು. ಅವ್ವ ಆಗಲೇ ಮೈಸೂರಿಗೆಂದು ಚಟ್ನಿಪುಡಿ ಕುಟ್ಟುವ ಯೋಚನೆಯಲ್ಲಿದ್ದಳು.

ಆರನೇ ಹಾಳೆಯಲ್ಲಿ ಜಾಬ್ ಕಾರ್ಡು ಬಂತು. ಎಂಟು ಕಾರಣಗಳು ಬಂದವು. ಬರುತ್ತಾ ಬರುತ್ತಾ ಅವಳ ದನಿ ಏರಿತು. "ಸ್ವತಂತ್ರ ಭಾರತದಲ್ಲಿ ಕುಳಿತು, ಇದ್ದ ಕರೆಂಟನ್ನು ಇರಲಿಲ್ಲವೆಂದು ಸುಳ್ಳು ಬರೆದು ದಿನವೂ ಸಹಿ ಹಾಕಿದವರು ಯಾರೆಂದರೆ," ಎಂದು ಹೇಳಿ ಹಾಳೆ ಮಗುಚಿದಳು. ಮೈಕಿನ ಮುಂದೆ ಮೊದಲ ಸಲ ನಿಂತವಳು. ಕಣ್ಣು ಕಂಡದ್ದನ್ನು ಬಾಯಿ ಓದಿಬಿಟ್ಟಿತು.

"ಮಾನ್ಯ ಪ್ರಾಂಶುಪಾಲರು ಹಾಗೂ ಇಂದಿನ ಮುಖ್ಯ ಅತಿಥಿಗಳು."

ಅದು ಎಂಟನೇ ಹಾಳೆ, ವಂದನೆಯ ಹಾಳೆ. ಸಭೆಗೆ ಸಭೆಯೇ ಕುರ್ಚಿ ಬಡಿದು ನಕ್ಕಿತು. ಹುಡುಗರು ಶಿಳ್ಳೆ ಹಾಕಿ ಚಪ್ಪಾಳೆ ತಟ್ಟಿದರು. ಈ ಗದ್ದಲಕ್ಕೆ ನಮ್ಮ ಓನರ್ರಿಗೆ ಎಚ್ಚರವಾಯಿತು. ಹೌದು, ಅವರು ಎರಡನೇ ಭಾಷಣದಿಂದಲೇ ನಿದ್ದೆಯಲ್ಲಿದ್ದರು, ತಾವೇ ಕೊಟ್ಟ ಫ್ಯಾನಿನ ಕೆಳಗೆ. ಎಲ್ಲರೂ ಚಪ್ಪಾಳೆ ತಟ್ಟುತ್ತಿರುವುದನ್ನು ಕಂಡು ಅವರೂ ಜೋರಾಗಿ ತಟ್ಟಿದರು. ಯಾರಿಗೆ ಹೆದರಿ ನಾನು ಹಾಳೆ ಕದ್ದಿದ್ದೆನೋ ಆ ಮನುಷ್ಯನಿಗೆ ಒಂದಕ್ಷರ ಕೇಳಿಸಿರಲಿಲ್ಲ. ಅವತ್ತಿನ ಕಾರ್ಡಿನಲ್ಲಿ ಅವರು ಯಾವ ನಂಬರು ಹಾಕಿಕೊಂಡರೋ ಕಾಣೆ.

ಪ್ರಿನ್ಸಿಪಾಲರಿಗೆ ಮಾತ್ರ ಎಲ್ಲ ಕೇಳಿಸಿತ್ತು. ಎದ್ದು ಬಂದು ಏನಮ್ಮ ಇದು ಎಂದರು. ಅವಳು ಹಾಳೆಗಳನ್ನು ಎರಡು ಸಲ ಎಣಿಸಿ, "ಸಾರ್, ಒಂದು ಹಾಳೆ ಇಲ್ಲ" ಎಂದಳು. ಮೈಕು ಅದನ್ನೂ ಎಲ್ಲರಿಗೂ ಕೇಳಿಸಿತು. ಇನ್ನಷ್ಟು ನಕ್ಕರು.

"ಎಲ್ಲಿಗೆ ಹೋಯಿತು?" ಎಂದರು ಪ್ರಿನ್ಸಿಪಾಲರು.

ಮಂಜುಳ ತಲೆಯೆತ್ತಿ ಸಭೆಯ ಕಡೆ ನೋಡಿದಳು. ಮೂರನೇ ಸಾಲಿನಲ್ಲಿ ನನ್ನ ಮುಖದ ಮೇಲೆ ಅವಳ ಕಣ್ಣು ನಿಂತಿತು. ಹಾಳೆ ನನ್ನ ಜೇಬಿನಲ್ಲಿತ್ತು. ಎದ್ದು ನಿಂತು ನಾಲ್ಕು ಹೆಜ್ಜೆ ನಡೆದಿದ್ದರೆ ಮುಗಿಯುತ್ತಿತ್ತು. ನಾನು ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳತೊಡಗಿದೆ. ಕಾಲಲ್ಲಿ ಹವಾಯಿ ಚಪ್ಪಲಿ ಇತ್ತು. ಇಲ್ಲದ ಲೇಸನ್ನು ಅಷ್ಟು ಹೊತ್ತು ಕಟ್ಟಿದವನು ಚರಿತ್ರೆಯಲ್ಲಿ ನಾನೊಬ್ಬನೇ ಇರಬೇಕು. ತಲೆಯೆತ್ತಿದಾಗ ಮೈಕಿನ ಮುಂದೆ ಯಾರೂ ಇರಲಿಲ್ಲ.

ಬೇಕೆಂದೇ ಅವಮಾನ ಮಾಡಿದ್ದಾಳೆ ಎಂದು ಪ್ರಿನ್ಸಿಪಾಲರು ಪತ್ರ ಕೊಡಲಿಲ್ಲ. ಮೇಡಂ ಎರಡು ಸಲ ಹೋಗಿ ಕೇಳಿದರು. ಕಳೆದ ಹಾಳೆಯನ್ನು ತಂದು ತೋರಿಸಲಿ, ಆಮೇಲೆ ನೋಡೋಣ ಎಂದರಂತೆ. ಆಗಲೂ ಅದು ನನ್ನ ಹತ್ತಿರವೇ ಇತ್ತು. ಕೊಟ್ಟರೆ ಕದ್ದವನು ಯಾರೆಂದು ಹೇಳಬೇಕು. ನಾಳೆ ಕೊಡುತ್ತೇನೆ, ನಾಡಿದ್ದು ಕೊಡುತ್ತೇನೆ ಎನ್ನುವಷ್ಟರಲ್ಲಿ ಮೈಸೂರಿನ ಅರ್ಜಿಯ ದಿನ ದಾಟಿತು. ಮಂಜುಳ ಲಗ್ಗೆರೆಯ ಕಡೆ ಒಂದು ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಟೈಂ ಆಫೀಸಿನ ಕೆಲಸಕ್ಕೆ ಸೇರಿದಳು. ಹಾಳೆಯ ಬಗ್ಗೆ ನನ್ನನ್ನು ಒಂದು ಮಾತೂ ಕೇಳಲಿಲ್ಲ. ನನ್ನ ಕಾರ್ಡುಗಳ ಹಿಂಬದಿಯಲ್ಲಿ ಬರೆಯುವುದನ್ನು ಮಾತ್ರ ನಿಲ್ಲಿಸಿದಳು. ಅಷ್ಟೂ ಅವ್ವನ ಒಲೆಗೆ ಹೋಗತೊಡಗಿದವು.

ಹಾಳೆಯನ್ನು ನಾನು ವರ್ನಿಯರಿನ ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದೆ. ವರ್ನಿಯರು ಎಂದರೆ ಪೀಸಿನ ಅಳತೆ ನೋಡುವ ಸಾಧನ. ಅದರ ಮರದ ಪೆಟ್ಟಿಗೆಗೆ ಒಳಗೆ ಮಖಮಲ್ಲಿನ ಹಾಸು ಇರುತ್ತದೆ, ಆ ಹಾಸಿನ ಕೆಳಗೆ. ದಿನಕ್ಕೆ ನೂರು ಸಲ ಆ ಪೆಟ್ಟಿಗೆಯನ್ನು ತೆಗೆದೆ, ಮುಚ್ಚಿದೆ. ಕೂದಲೆಳೆಯಷ್ಟು ತಪ್ಪಾದರೂ ಪೀಸನ್ನು ಕಸಕ್ಕೆ ಎಸೆಯುತ್ತಿದ್ದವನು ಅದರ ಕೆಳಗಿನದನ್ನು ಎರಡು ವರ್ಷ ಮುಟ್ಟಲಿಲ್ಲ.

ತೊಂಬತ್ತೊಂಬತ್ತರಲ್ಲಿ ಹಾಸು ಕಿತ್ತುಬಂತು. ಹಾಳೆಯೂ ಜೊತೆಗೆ ಬಂತು. ಊಟದ ಬಿಡುವಿನಲ್ಲಿ ಶೆಡ್ಡಿನ ಹಿಂದಿನ ಹೊಂಗೆಮರದ ಕೆಳಗೆ ಕೂತು, ಬೆರಳಿಟ್ಟುಕೊಂಡು, ಮೊದಲ ಸಲ ಪೂರ್ತಿ ಓದಿದೆ.

"ನಮ್ಮಣ್ಣ ಸಿದ್ದರಾಜು. ಆ ಹನ್ನೊಂದು ದಿನವೂ ಕರೆಂಟು ಇತ್ತು. ಅವನು ಮಲಗಿದ್ದ. ಮಲಗಿದ್ದೆ ಎಂದೇ ಅವನು ಬರೆಯಬೇಕಿತ್ತು. ಆದರೆ ಎಲ್ಲಿ ಬರೆಯುವುದು? ಕಾರ್ಡಿನಲ್ಲಿ ಎಂಟು ಕಾರಣಗಳಿವೆ, ಎಂಟೂ ಮಿಷಿನ್ನಿನವು. ಟೂಲು ಮುರಿದರೆ ಅದಕ್ಕೊಂದು ನಂಬರಿದೆ. ನಿಂತು ನಿಂತು ಕಾಲು ಊದಿದವನಿಗೆ ನಂಬರಿಲ್ಲ. ಈ ಐವತ್ತು ವರ್ಷದಲ್ಲಿ ದೇಶ ಏನೇನು ಮಾಡಿತು ಎಂದು ನನಗಿಂತ ಮೊದಲು ಮಾತಾಡಿದವರು ಹೇಳಿದರು. ಮಾಡಿದವರಿಗೆ ನಡುವೆ ಎಂದಾದರೂ ಆಯಾಸವಾಯಿತೇ ಎಂದು ಯಾವ ಕಾರ್ಡೂ ಕೇಳಿಲ್ಲ. ಅದಕ್ಕೇ ಅವರು ಸುಳ್ಳು ಹೇಳಬೇಕಾಯಿತು. ನನ್ನ ಪುಸ್ತಕಕ್ಕೆ, ನನ್ನ ಫೀಸಿಗೆ ನಿಂತ ಕಾಲುಗಳು ಅವು. ಅವನು ಬರೆಯಲಾರದ್ದನ್ನು ನಾನು ಇಲ್ಲಿ ಬರೆದು ಸಹಿ ಹಾಕುತ್ತಿದ್ದೇನೆ. ಕೊನೆಯದಾಗಿ, ನನಗೆ ಮಾತಾಡಲು ಅವಕಾಶ ಕೊಟ್ಟವರು"

ಅಲ್ಲಿಗೆ ಹಾಳೆ ಮುಗಿದಿತ್ತು. ಬಿಡುವೂ ಮುಗಿದು ಬಹಳ ಹೊತ್ತಾಗಿತ್ತು. ಸೂಪರ್‌ವೈಸರು ಬಂದು ಏನಾಯ್ತು ಸಿದ್ದಣ್ಣ ಎಂದು ಕೇಳಿದರು. ನೀವು ಊಹಿಸಿದ್ದು ಸರಿ, ಅದನ್ನೇ ಹೇಳಿದೆ. ಹಿಂದೆ ಲೇತುಗಳೆಲ್ಲ ಗುಂಯ್ ಎಂದು ತಿರುಗುತ್ತಿದ್ದವು.

ಇನ್ನೊಂದು ಸತ್ಯವೂ ಇಲ್ಲೇ ಇರಲಿ. ಆ ಹನ್ನೊಂದು ದಿನದಲ್ಲಿ ಒಂಬತ್ತು ದಿನ ಕಾಲುನೋವಿಗೆ ಮಲಗಿದ್ದು ಹೌದು. ಮಿಕ್ಕ ಎರಡು ದಿನ ನಾನು ಮಲಗಿರಲೇ ಇಲ್ಲ. ಮೇನ್ ರೋಡಿನ ಟಿ.ವಿ. ಅಂಗಡಿಯ ಮುಂದೆ ನಿಂತು ಕ್ರಿಕೆಟ್ ನೋಡುತ್ತಿದ್ದೆ. ನನ್ನ ತಂಗಿ ನನ್ನನ್ನು ಎರಡು ದಿನ ಹೆಚ್ಚಾಗಿಯೇ ನಂಬಿದ್ದಳು.

ಹಾಳೆ ಓದಿದ ವಾರದ ಭಾನುವಾರ ಬೆಳಿಗ್ಗೆ ಅವಳು ನಡುಮನೆಯಲ್ಲಿ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಳು. ಅವ್ವ ಒಲೆಯ ಮುಂದೆ ಇದ್ದಳು. ಹೇಗೆ ಶುರು ಮಾಡಬೇಕೆಂದು ತಿಳಿಯದೆ ಮಡಿಸಿದ ಹಾಳೆಯನ್ನು ಅವಳ ಮುಂದೆ ಇಟ್ಟೆ. ಬಿಚ್ಚುವ ಮೊದಲೇ ಅವಳಿಗೆ ಗೊತ್ತಾಯಿತು. ಎಣ್ಣೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಬಿಚ್ಚಿ, ಮೊದಲಿನಿಂದ ಕೊನೆಯವರೆಗೆ ಓದಿದಳು. ಬೇರೆ ಯಾರೋ ಬರೆದದ್ದನ್ನು ಓದುವವಳಂತೆ ಓದಿದಳು.

"ಜೇಬಲ್ಲಿತ್ತಾ ಅವತ್ತು?" ಎಂದಳು.

ಹೂಂ ಎಂದೆ.

"ನೀನು ತೆಗ್ದಿದ್ದು ಬಿಡು. ಹೆದರ್ಕೊಂಡು ತೆಗ್ದಿರ್ತೀಯ ಅಂತ ಅವತ್ತೇ ಅಂದ್ಕೊಂಡೆ. ಎದ್ದು ಯಾಕೆ ನಿಲ್ಲಲಿಲ್ಲ?"

ಅವಳು ಎದ್ದು ಹೋಗಿ ಒಲೆಯ ಪಕ್ಕದ ಬುಟ್ಟಿಯಿಂದ ಒಂದು ಚೀಟಿ ತಂದಳು. ಈಗ ಅವಳೂ ನನ್ನಂತೆಯೇ ತನ್ನ ಫ್ಯಾಕ್ಟರಿಯ ಹಳೆಯ ಚೀಟಿಗಳನ್ನು ಅವ್ವನ ಒಲೆಗೆ ತರುತ್ತಿದ್ದಳು. ಹೊಲಿಗೆ ಮಿಷಿನ್ನು ನಿಂತರೆ ಹೆಣ್ಣುಮಕ್ಕಳು ತುಂಬಬೇಕಾದ ಚೀಟಿ ಅದು. ಅವನ್ನು ನೂರು ಸಲ ನೋಡಿದ್ದೆ, ಅವತ್ತು ಓದಿದೆ. ಎಂಟು ಕಾರಣಗಳನ್ನು ಅಚ್ಚು ಹಾಕಿದ್ದರು. ಅವುಗಳ ಕೆಳಗೆ ಇಂಕಿನಲ್ಲಿ, ಮಂಜುಳಳ ದುಂಡು ಅಕ್ಷರದಲ್ಲಿ, ಒಂಬತ್ತು ಎಂದು ಬರೆದು ಪಕ್ಕದಲ್ಲಿ 'ಆಯಾಸ' ಎಂದಿತ್ತು. ಮೂರು ತಿಂಗಳು ಎಲ್ಲ ಚೀಟಿಗಳಲ್ಲೂ ಹಾಗೆ ಬರೆದು ಕೊಟ್ಟಳಂತೆ. ಆಮೇಲೆ ಮ್ಯಾನೇಜರು ಕಂಡುಹಿಡಿದು ನಿಲ್ಲಿಸಿದರಂತೆ. ಅದಕ್ಕೇ ಅವು ಒಲೆಗೆ ಬಂದಿದ್ದವು.

ಚೀಟಿಯನ್ನೂ ಪೆನ್ನನ್ನೂ ನನ್ನ ಮುಂದಿಟ್ಟು, ಅವತ್ತು ಎದ್ದು ನಿಲ್ಲದ ಕಾರಣ ಬರಿ ಎಂದಳು.

ದೇವರಾಣೆಗೂ ನಾನು ಬೇಕೆಂದು ಮಾಡಲಿಲ್ಲ. ಇಷ್ಟು ವರ್ಷದ ಅಭ್ಯಾಸದ ಕೈ. ಪೆನ್ನು ಹಿಡಿದದ್ದೇ ತಡ, ಅದು ತಾನಾಗಿ ಒಂದು ಎಂದು ಬರೆದುಬಿಟ್ಟಿತು.

ಅವಳು ಬಗ್ಗಿ ನೋಡಿದಳು. "ಪಕ್ಕದ ಶೆಡ್ಡಲ್ಲಿ ಇತ್ತಲ್ಲಣ್ಣ" ಎಂದಳು.

ಒಲೆಯ ಮುಂದಿನಿಂದ ಅವ್ವ ಕಿಸಕ್ಕನೆ ನಕ್ಕಳು. ಅವಳಿಗೆ ಏನು ಅರ್ಥವಾಗಿತ್ತೋ ಏನೋ. ಮಂಜುಳ ನಗಲಿಲ್ಲ. ನಾನು ಒಂದನ್ನು ಹೊಡೆದು ಹಾಕಿದೆ. ಒಂಬತ್ತು ಹಾಕೋಣವೆಂದರೆ ಅವತ್ತು ನನಗೆ ಆಯಾಸವೇನೂ ಆಗಿರಲಿಲ್ಲ. ಒಂಬತ್ತರ ಕೆಳಗೆ ಹತ್ತು ಎಂದು ಬರೆದು, ಪಕ್ಕದಲ್ಲಿ 'ಹೆದರಿಕೆ' ಎಂದು ಬರೆದೆ. ಸಹಿ ಹಾಕಿದೆ.

ಅವಳು ಚೀಟಿಯನ್ನು ಎಳೆದುಕೊಂಡು, ಇನ್ನೂ ಎಣ್ಣೆ ಜಿಡ್ಡಿದ್ದ ಕೈಯಲ್ಲೇ, ಕೆಳಗಿನ ಮೂಲೆಯಲ್ಲಿ ತಾನೂ ಸಹಿ ಹಾಕಿದಳು. ಟೈಂ ಆಫೀಸಿನ ಸಹಿಯಿಲ್ಲದ ಕಾರ್ಡು ಪೀಣ್ಯದಲ್ಲಿ ಎಲ್ಲಿಯೂ ನಡೆಯುವುದಿಲ್ಲ. ಆಮೇಲೆ ಅದನ್ನು ಏಳನೇ ಹಾಳೆಯ ಜೊತೆ ಮಡಿಸಿ ತನ್ನ ಪೆಟ್ಟಿಗೆಯಲ್ಲಿ ಇಟ್ಟಳು, ಒಲೆಗೆ ಹಾಕಲಿಲ್ಲ.